ಬೇಗಂಪೇಟೆಯ ಸೊಳ್ಳೆಯೂ ಬರಲಿರುವ ಬೇನೆಯ ಲೆಕ್ಕವೂ

ಯುಗಾದಿಯ ಸಂಜೆ ನಮ್ಮ ಬಡಾವಣೆಯ ಐದಾರು ಕನ್ನಡ ಮನೆಯವರು ಒಂದೆಡೆ ಕೂಡಿ ಪಂಚಾಂಗಶ್ರವಣ ಮಾಡುವ ಪದ್ಧತಿಯನ್ನು ಇಂದಿಗೂ ಬಿಟ್ಟಿಲ್ಲ. ಬೇವುಬೆಲ್ಲ ಹಂಚಿದ ಮೇಲೆ ಹಿರಿಯರೊಬ್ಬರು ಕನ್ನಡಕ ಏರಿಸಿ ಸಂವತ್ಸರಫಲವನ್ನು ಓದುತ್ತಾರೆ. ಈ ವರ್ಷ ರಾಜನಾರು, ಮಂತ್ರಿಯಾರು, ಮಳೆ ಎಷ್ಟು ಕೊಳಗ, ಯಾವ ಧಾನ್ಯ ಅಗ್ಗ, ಯಾವುದು ತುಟ್ಟಿ, ಎಂಬುದೆಲ್ಲ ಆದ ಬಳಿಕ, ಕೆಲವು ಪ್ರಾಂತಗಳಲ್ಲಿ ರೋಗಭಯ ಎಂಬ ಮಾತೂ ಒಂದು ಕಡೆ ಬಂದೇ ಬರುತ್ತದೆ. ಎಲ್ಲರೂ ಶ್ರದ್ಧೆಯಿಂದ ಕೇಳುತ್ತಾರೆ. ಆದರೆ ಹಿಂದಿನ ವರ್ಷದ ಪಂಚಾಂಗವನ್ನು ತೆಗೆದು, ಅದರಲ್ಲಿ ಹೇಳಿದ್ದೇನು, ನಡೆದದ್ದೇನು ಎಂದು ಹೋಲಿಸಿ ನೋಡಿದವರನ್ನು ನಾವು ಈವರೆಗೆ ಕಂಡಿಲ್ಲ. ಹಳೆಯ ಪಂಚಾಂಗವು ಅಟ್ಟಕ್ಕೋ ರದ್ದಿಗೋ ಸೇರುತ್ತದೆ.

ಇದನ್ನು ಹಾಸ್ಯಕ್ಕೆಂದು ಹೇಳುತ್ತಿಲ್ಲ. ದಿನದ ಕೊನೆಗೆ ಜಮಾಖರ್ಚು ತಾಳೆಯಾಗದೆ ಮನೆಗೆ ಹೊರಡುವಂತಿಲ್ಲದ ಕಸುಬು ನಮ್ಮದಾದುದರಿಂದ ಈ ಒಂದು ಕೊರತೆ ನಮ್ಮ ಕಣ್ಣಿಗೆ ಹೆಚ್ಚಾಗಿ ಬಿದ್ದಿರಬಹುದು. ಬರಲಿರುವ ಅಂಟುಜಾಡ್ಯವನ್ನು ಮೊದಲೇ ಹೇಳುವ ಪ್ರಯತ್ನ ಹಳೆಯದು. ಹಾಗೆ ಹೇಳಿದ ಮಾತನ್ನು ತೂಗಿ ನೋಡುವ ಪ್ರಯತ್ನ ಮಾತ್ರ ತೀರ ಈಚಿನದು. ಈ ಎರಡರ ಚರಿತ್ರೆಯಲ್ಲಿಯೂ ನಾವು ಬಾಳುತ್ತಿರುವ ಈ ಹೈದರಾಬಾದಿಗೆ ದೊಡ್ಡ ಪಾಲುಂಟು. 1956ರ ನವೆಂಬರ್ 1ರವರೆಗೆ ಕಲಬುರ್ಗಿ, ರಾಯಚೂರು, ಬೀದರಗಳ ಕನ್ನಡಿಗರಿಗೂ ರಾಜಧಾನಿ ಇದೇ ಆಗಿತ್ತಾದುದರಿಂದ ಈ ಚರಿತ್ರೆ ನಮಗೆ ಪರರದ್ದಲ್ಲ.

ಮೊದಲು ನಮ್ಮ ಸೀಮೆಯ ಮಾತನ್ನೇ ಹೇಳೋಣ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿ ಹಿಡಿದು ಒಳನಾಡಿಗೆ ಇಳಿಯಿತು. 1898ರಲ್ಲಿ ಹುಬ್ಬಳ್ಳಿಯನ್ನು ಹಾಳುಗೆಡವಿ, ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಹಾಫ್‌ಕಿನ್ ಮಹಾಶಯನು ಸಿದ್ಧಪಡಿಸಿದ ಲಸಿಕೆಯನ್ನು ಬಹುಸಂಖ್ಯೆಯ ಜನರಿಗೆ ಹಾಕಿ ನೋಡಿದ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು. ಹೈದರಾಬಾದ್ ನಗರಕ್ಕೆ ಈ ಮಾರಿ ದೊಡ್ಡದಾಗಿ ಬಡಿದುದು 1911ರಲ್ಲಿ. 1908ರ ಮೂಸಿ ಹೊಳೆಯ ಮಹಾಪೂರದ ಗಾಯ ಮಾಯುವ ಮೊದಲೇ ಬಂದ ಈ ಎರಡನೆಯ ಪೆಟ್ಟು, ಮರುವರ್ಷ ಹುಟ್ಟಿದ ನಗರ ಸುಧಾರಣಾ ಮಂಡಲಿಗೆ ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಗಾಳಿಬೆಳಕು ಬರುವಂತೆ ಮಾಡುವ ಕೆಲಸವನ್ನು ಹಚ್ಚಿತು. ನಲ್ಲಕುಂಟದ ಜ್ವರದ ಆಸ್ಪತ್ರೆಯನ್ನು ಹಳೆಯ ಜನರು ಇಂದಿಗೂ ಕೋರಂಟಿ ದವಾಖಾನೆ ಎನ್ನುತ್ತಾರೆ. ಕ್ವಾರಂಟೈನ್ ಎಂಬ ಶಬ್ದ ಈ ಊರಿನ ಬಾಯಲ್ಲಿ ಹಾಗೆ ನುಣುಪಾಯಿತು. 2020ರಲ್ಲಿ ಆ ಶಬ್ದ ಹೊಸದೆಂದು ಎಲ್ಲರೂ ಬೆರಗಾದಾಗ, ನಮ್ಮ ನೆರೆಯ ಮುದುಕಿಯೊಬ್ಬಳು ‘ಅದು ನಮ್ಮ ಕೋರಂಟಿಯಲ್ಲವೆ!’ ಎಂದದ್ದು ನೆನಪಿದೆ.

ಆ ಕಾಲದಲ್ಲಿ ಪ್ಲೇಗಿನ ಮುನ್ಸೂಚನೆ ಕೊಡುತ್ತಿದ್ದುದು ಇಲಿ. ನಮ್ಮ ಅಜ್ಜಿ ಕಲಬುರ್ಗಿ ಸೀಮೆಯ ಒಂದು ಹಳ್ಳಿಯವರು. ತಮ್ಮ ಬಾಲ್ಯದಲ್ಲಿ ಕಂಡುದನ್ನು ಹೀಗೆ ಹೇಳುತ್ತಿದ್ದರು: ‘ಮನಿಯಾಗ ಇಲಿ ಬಿತ್ತಂದ್ರ ಯಾರನ್ನೂ ಕೇಳೂದಿಲ್ಲಪಾ, ಗಡಿಗಿ ಮಡಿಕಿ ಕಟ್ಟೂದು, ಹೊಲಕ್ಕ ಹೋಗಿ ಗುಡಿಸಲ ಹಾಕೂದು.’ ತೊಲೆಯ ಮೇಲಿಂದ ಸತ್ತ ಇಲಿ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಮನುಷ್ಯರಿಗೆ ಗಂಟು ಏಳುವುದೆಂಬುದು ಜನರು ಹೆಣ ಹೊತ್ತು ಕಲಿತ ಪಾಠ. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಒಯ್ಯುತ್ತದೆಂಬುದನ್ನು ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಕರಾಚಿಯಲ್ಲಿ ಕಂಡುಹಿಡಿದರೂ ಶಾಸ್ತ್ರಜ್ಞರಲ್ಲಿಯೇ ಹಲವರು ವರ್ಷಗಟ್ಟಲೆ ನಂಬಲಿಲ್ಲ. ನಮ್ಮ ಹಳ್ಳಿಗರಿಗೆ ಚಿಗಟದ ವಿಚಾರ ತಿಳಿಯದು. ಆದರೂ ಅವರ ಮುನ್ಸೂಚನೆಯಲ್ಲಿ ಮೂರು ಗುಣಗಳಿದ್ದುವು: ಕಣ್ಣಿಗೆ ಕಾಣುವ ಗುರುತಿತ್ತು, ಇಂತಿಷ್ಟು ದಿನವೆಂಬ ಅವಧಿಯಿತ್ತು, ಮಾಡತಕ್ಕ ಕೆಲಸವೂ ಇತ್ತು. ಮೂರನ್ನೂ ಹೇಳದ ಮಾತು ಎಷ್ಟು ಗಂಭೀರವಾಗಿ ಕೇಳಿಸಿದರೂ ಅದು ಬರಿಯ ಹೆದರಿಕೆ.

ಅಜ್ಜಿಯ ಕಥೆಗೆ ಒಂದು ಬಾಲವೂ ಉಂಟು. ಒಂದು ಸಲ ಅವರ ಮನೆಯವರು ಹೊಲದಲ್ಲಿ ಎರಡು ತಿಂಗಳು ಕಳೆದು ಮರಳಿ ಬಂದಾಗ ಅವರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಊರಲ್ಲಿಯೇ ಉಳಿದಿದ್ದ ಸಂಬಂಧಿಕರೊಬ್ಬರು, ‘ಸುಮ್ಮನ ಹೋಗಿ ಚಳಿಯಾಗ ಸತ್ರಿ, ಏನೂ ಆಗಲಿಲ್ಲ ನೋಡ್ರಿ’ ಎಂದು ನಕ್ಕರಂತೆ. ಆಗದೆ ಇದ್ದುದು ಹೋದುದರಿಂದಲೋ, ಹೋಗದಿದ್ದರೂ ಆಗುತ್ತಿರಲಿಲ್ಲವೋ? ಈ ಪ್ರಶ್ನೆಯು ಮುಂದೆ ದೊಡ್ಡ ದೊಡ್ಡ ಪಂಡಿತರನ್ನೂ ಕಾಡಿದುದನ್ನು ನೋಡಲಿದ್ದೇವೆ.

ಮಲೆನಾಡಿನವರಿಗೆ ಇಂಥದೇ ಇನ್ನೊಂದು ಗುರುತು ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದುವು. ಕಾಡಿಗೆ ಹೋದ ಜನರೂ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿ, ಉಣ್ಣೆಯ ಮೂಲಕ ಹರಡುವ ಹೊಸ ರೋಗವೆಂದು ಗೊತ್ತುಮಾಡಿದರು. ಅಂದಿನಿಂದ ಆ ಸೀಮೆಯಲ್ಲಿ ಮಂಗ ಸತ್ತ ಸುದ್ದಿಯೆಂದರೆ ಆರೋಗ್ಯ ಇಲಾಖೆಗೆ ಬಂದ ತಂತಿಯಿದ್ದಂತೆ.

ಇನ್ನು ನಮ್ಮೂರಿಗೆ ಬರೋಣ. ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಬಳಿ ಒಂದು ಹಳೆಯ ಕಟ್ಟಡವಿದೆ. ನಮ್ಮಲ್ಲಿ ಅನೇಕರು ಅದರ ಮುಂದಿನ ರಸ್ತೆಯಲ್ಲಿ ಸಾವಿರ ಸಲ ಓಡಾಡಿಯೂ ಒಳಗೆ ಕಾಲಿಟ್ಟಿರಲಾರರು. ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯನು 1897ರ ಆಗಸ್ಟ್ 20ರಂದು ಸೊಳ್ಳೆಯೊಂದರ ಹೊಟ್ಟೆಯನ್ನು ಸೀಳಿ, ಸೂಕ್ಷ್ಮದರ್ಶಕದ ಕೆಳಗೆ ಮಲೇರಿಯಾ ಜೀವಿಯ ಕಣಗಳನ್ನು ಕಂಡ ಸ್ಥಳವದು. ರಾಸ್ ಹುಟ್ಟಿದುದು 1857ರಲ್ಲಿ ಅಲ್ಮೋರದಲ್ಲಿ. ಕನ್ನಡಿಗರು ನೆನೆಯಬೇಕಾದ ಸಂಗತಿಯೆಂದರೆ, ಸೊಳ್ಳೆಯೊಡನೆ ಈತನ ಹಗೆ ಮೊದಲಾದುದು ಬೆಂಗಳೂರಿನಲ್ಲಿ. 1883ರಲ್ಲಿ ಅಲ್ಲಿಯ ದಂಡಿನಲ್ಲಿದ್ದಾಗ ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಹೊರಳಾಡುತ್ತಿರುವುದನ್ನು ಕಂಡು ತೊಟ್ಟಿಯನ್ನು ಬೋರಲು ಹಾಕಿಸಿದನು. ಕಾಟ ಕಡಮೆಯಾಯಿತು. ಉಳಿದ ತೊಟ್ಟಿಗಳನ್ನೂ ಹಾಗೆ ಮಾಡಿಸೋಣವೆಂದರೆ ಮೇಲಿನ ಅಧಿಕಾರಿಯು ಸೃಷ್ಟಿಕ್ರಮಕ್ಕೆ ಕೈಹಾಕಬಾರದೆಂಬ ಅರ್ಥದ ಮಾತಾಡಿ ಒಪ್ಪಲಿಲ್ಲವಂತೆ!

ಸಿಕಂದರಾಬಾದಿನಲ್ಲಿ ರಾಸನಿಗೆ ನೆರವಾದವನು ಹುಸೇನ್ ಖಾನ್ ಎಂಬ ರೋಗಿ. ತನ್ನನ್ನು ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಆತನಿಗೆ ಸಂದಾಯ. ಲೋಕದ ವೈದ್ಯಶಾಸ್ತ್ರಕ್ಕೆ ಇಷ್ಟು ಅಗ್ಗದ ಖರ್ಚಿನಲ್ಲಿ ಇಷ್ಟು ದೊಡ್ಡ ಲಾಭ ಬೇರೆಲ್ಲಿಯೂ ಬಂದಿರಲಾರದೆಂದು ನಮಗೆ ತೋರುತ್ತದೆ. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಹಿಡಿದು ಸೊಳ್ಳೆಯ ಕಡಿತದಿಂದಲೇ ರೋಗ ದಾಟುವುದನ್ನು ರಾಸ್ ತೋರಿಸಿಕೊಟ್ಟನು. 1902ರಲ್ಲಿ ನೊಬೆಲ್ ಬಹುಮಾನ ಬಂದಿತು.

ಇಷ್ಟು ಶಾಲೆಯ ಪುಸ್ತಕದಲ್ಲಿಯೂ ಇರುತ್ತದೆ. ಪುಸ್ತಕದಲ್ಲಿ ಇರದುದು ಆತನ ಲೆಕ್ಕ. ಸೊಳ್ಳೆಯ ನಿರ್ಮೂಲ ಅಸಾಧ್ಯ, ಒಂದುಳಿದರೂ ರೋಗ ಉಳಿಯುವುದು, ಆದುದರಿಂದ ಈ ಗೊಡವೆಯೇ ಬೇಡ, ಎಂದು ವಾದಿಸುವವರಿಗೆ ರಾಸ್ ಗಣಿತದಿಂದ ಉತ್ತರ ಕೊಟ್ಟನು. 1908ರಲ್ಲಿ ಮಾರಿಷಸ್ ದ್ವೀಪದ ವರದಿಯಲ್ಲಿಯೂ, 1910ರಲ್ಲಿ ಮಲೇರಿಯಾ ನಿವಾರಣೆಯ ಕುರಿತ ತನ್ನ ದೊಡ್ಡ ಗ್ರಂಥದಲ್ಲಿಯೂ ಅದನ್ನು ವಿವರಿಸಿದನು. ಅದರ ಸಾರವನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಅಂಟುರೋಗವೆಂಬುದು ಚಕ್ರಬಡ್ಡಿಯ ಸಾಲ. ಒಬ್ಬ ರೋಗಿ ಇಬ್ಬರಿಗೆ ಕೊಟ್ಟರೆ, ಇಬ್ಬರು ನಾಲ್ವರಿಗೆ, ನಾಲ್ವರು ಎಂಟು ಮಂದಿಗೆ. ಆದರೆ ಒಬ್ಬ ರೋಗಿ ಸರಾಸರಿ ಒಬ್ಬನಿಗಿಂತ ಕಡಿಮೆ ಮಂದಿಗೆ ಕೊಡುವಂತಾದರೆ ಬಡ್ಡಿ ಬೆಳೆಯದೆ ಅಸಲೇ ಕರಗತೊಡಗುತ್ತದೆ. ತಲೆಗೆ ಇಷ್ಟು ಸೊಳ್ಳೆ ಎಂಬ ಒಂದು ಮಿತಿಯುಂಟು. ಅದಕ್ಕಿಂತ ಕೆಳಗೆ ಇಳಿಸಿದರೆ ಸಾಕು, ಕೊನೆಯ ಸೊಳ್ಳೆಯನ್ನು ಬೆನ್ನಟ್ಟಬೇಕಾಗಿಲ್ಲ. ಬೇಗಂಪೇಟೆಯಲ್ಲಿ ಸೊಳ್ಳೆಯ ಹೊಟ್ಟೆ ಸೀಳಿದ ಕೈಯೇ, ರೋಗದ ನಾಳೆಯನ್ನು ಲೆಕ್ಕ ಹಾಕುವ ಶಾಸ್ತ್ರಕ್ಕೂ ಅಡಿಗಲ್ಲಿಟ್ಟಿತೆಂಬುದು ಈ ಊರಿನಲ್ಲಿರುವ ನಮಗೆ ಹೆಮ್ಮೆಯ ವಿಷಯವಲ್ಲವೆ?

ರಾಸನ ಪ್ರೇರಣೆಯಿಂದ ಗಣಿತದ ಕಡೆಗೆ ತಿರುಗಿದ ತರುಣ ವೈದ್ಯನೊಬ್ಬನು ಮೆಕೆಂಡ್ರಿಕ್. 1901ರಲ್ಲಿ ರಾಸನೊಡನೆ ಆಫ್ರಿಕದ ಸಿಯೆರಾ ಲಿಯೋನಿಗೆ ಹೋಗಿದ್ದವನು, ಬಹುಕಾಲ ಇಂಡಿಯಾದಲ್ಲಿ, ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ದುಡಿದವನು. ಸ್ವದೇಶಕ್ಕೆ ಮರಳಿದ ಮೇಲೆ ಕೆರ್ಮಾಕ್ ಎಂಬ ರಸಾಯನಶಾಸ್ತ್ರಜ್ಞನೊಡನೆ ಸೇರಿ 1927ರಲ್ಲಿ ಪ್ರಸಿದ್ಧವಾದ ಲೇಖನವನ್ನು ಪ್ರಕಟಿಸಿದನು. ಕೆರ್ಮಾಕನು 1924ರಲ್ಲಿ ಪ್ರಯೋಗಶಾಲೆಯ ಅಪಘಾತದಲ್ಲಿ ಎರಡು ಕಣ್ಣನ್ನೂ ಕಳೆದುಕೊಂಡಿದ್ದನೆಂಬುದನ್ನು ನೆನೆದರೆ ಆ ಲೆಕ್ಕಗಳ ಬಗ್ಗೆ ಗೌರವ ಇಮ್ಮಡಿಯಾಗುತ್ತದೆ. ಊರಿನ ಜನರನ್ನೆಲ್ಲ ಅವರು ಮೂರು ಖಾತೆಗಳಲ್ಲಿ ಬರೆದರು: ರೋಗ ಬರಬಹುದಾದವರು, ರೋಗವುಳ್ಳವರು, ರೋಗ ಕಳೆದು ಗುಣವಾದವರು ಇಲ್ಲವೆ ಗತಿಸಿದವರು. ದಿನದಿನವೂ ಮೊದಲ ಖಾತೆಯಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ವರ್ಗಾವಣೆ. ಮೊದಲ ಖಾತೆಯಲ್ಲಿ ಇನ್ನೂ ಬಹಳ ಶಿಲ್ಕು ಉಳಿದಿರುವಾಗಲೇ ಮಾರಿ ತಾನಾಗಿ ಇಳಿದುಹೋಗುವುದೇಕೆಂಬುದು ಇದರಿಂದ ತಿಳಿಯಿತು. ತಮ್ಮ ಲೆಕ್ಕಕ್ಕೆ ಸಾಕ್ಷಿಯಾಗಿ ಅವರು ತೆಗೆದುಕೊಂಡುದು ನಮ್ಮ ದೇಶದ ಅಂಕಿಗಳನ್ನೇ: 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಮುಂಬಯಿಯಲ್ಲಿ ವಾರವಾರವೂ ಪ್ಲೇಗಿನಿಂದ ಸತ್ತವರ ಸಂಖ್ಯೆ. ಗೆರೆಯೂ ಚುಕ್ಕೆಗಳೂ ಅಂದವಾಗಿ ಹೊಂದಿಕೊಂಡುವು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಬೇಕು. ಮುಂಬಯಿಯ ಹೆಣಗಳೆಲ್ಲ ಮಣ್ಣಾಗಿ ಇಪ್ಪತ್ತು ವರ್ಷ ಸಂದ ಮೇಲೆ ಎಳೆದ ಗೆರೆಯದು. ಆಗಿಹೋದುದಕ್ಕೆ ಲೆಕ್ಕವನ್ನು ಹೊಂದಿಸುವುದು ಬೇರೆ, ಆಗಲಿರುವುದನ್ನು ಹೇಳುವುದು ಬೇರೆ. ಪ್ಲೇಗು ಮೂಲತಃ ಇಲಿ ಚಿಗಟಗಳ ವ್ಯವಹಾರ. ಋತು ಬದಲಾದಂತೆ ಏರಿಳಿಯುವುದು. ತಮ್ಮ ಲೆಕ್ಕದಲ್ಲಿ ಸ್ಥಿರವೆಂದು ಹಿಡಿದುದೆಲ್ಲ ನಿಜವಾಗಿ ಸ್ಥಿರವಾಗಿರಲಾರದೆಂದು ಆ ಇಬ್ಬರೂ ತಾವೇ ಬರೆದಿದ್ದರು. ಮುಂದೆ ಅವರ ಲೆಕ್ಕವನ್ನು ಬಳಸಿದವರಲ್ಲಿ ಕೆಲವರು ಗೆರೆಯನ್ನು ತೆಗೆದುಕೊಂಡರು, ಎಚ್ಚರಿಕೆಯನ್ನು ಬಿಟ್ಟರು.

ಆಗಲಿರುವುದನ್ನು ಹೆಸರು ಹಾಕಿ, ತಾರೀಖು ಹಾಕಿ, ಎಲ್ಲರೆದುರು ಹೇಳಿದವರು ಅದಕ್ಕೆ ಮೊದಲೂ ಇದ್ದರು. ಇಂಗ್ಲೆಂಡಿನಲ್ಲಿ ದನಗಳ ಮಾರಿ ಎದ್ದು, 1866ರಲ್ಲಿ ದೇಶದ ಹಿಂಡುಗಳೆಲ್ಲ ನಾಶವಾಗುವುವೆಂದು ಪಾರ್ಲಿಮೆಂಟಿನಲ್ಲಿ ಕೂಗೆದ್ದಾಗ, ಅಂಕಿಅಂಶಗಳ ತಜ್ಞ ವಿಲಿಯಂ ಫಾರ್ ಎಂಬವನು ಪತ್ರಿಕೆಗೆ ಕಾಗದ ಬರೆದು, ರೋಗ ಏರುವ ವೇಗವೇ ಕುಗ್ಗುತ್ತಿದೆ, ಇನ್ನು ಕೆಲವೇ ತಿಂಗಳಲ್ಲಿ ಇಳಿದುಹೋಗುವುದೆಂದು ಸಾರಿದನು. ರೋಗ ಇಳಿಯಿತು. ಆದರೆ ಅದೇ ಫೆಬ್ರವರಿಯಲ್ಲಿ ರೋಗ ಹಿಡಿದ ದನಗಳನ್ನು ಕೊಲ್ಲಬೇಕೆಂಬ ಕಾಯಿದೆಯೂ ಬಂದಿತ್ತು. ಇಳಿದುದು ಫಾರನ ನಿಯಮದಿಂದಲೋ, ಕಾಯಿದೆಯಿಂದಲೋ? ಹೊಲದ ಗುಡಿಸಲಿನಿಂದ ಮರಳಿದ ನಮ್ಮ ಅಜ್ಜಿಯ ಮನೆಯವರನ್ನು ಕೇಳಿದ ಪ್ರಶ್ನೆಯೇ ಇದು.

ನಮ್ಮ ಮನಸ್ಸಿಗೆ ಹೆಚ್ಚು ಹಿಡಿಸಿದುದು ಪಂಜಾಬಿನ ಕಥೆ. 1908ರ ಮಳೆಗಾಲದ ಬಳಿಕ ಅಲ್ಲಿ ಮಲೇರಿಯಾ ಎದ್ದು ಸುಮಾರು 3 ಲಕ್ಷ ಜನರನ್ನು ಕೊಂಡೊಯ್ಯಿತು. ಕ್ರಿಸ್ಟೋಫರ್ಸ್ ಎಂಬ ವೈದ್ಯಾಧಿಕಾರಿ ಹಳ್ಳಿ ಹಳ್ಳಿ ತಿರುಗಿ, 1911ರ ವರದಿಯಲ್ಲಿ ಒಂದು ದೊಡ್ಡ ಮಾತು ಹೇಳಿದನು: ಅತಿಯಾದ ಮಳೆಯೊಂದೇ ಜನರನ್ನು ಕೊಲ್ಲುವುದಿಲ್ಲ, ಧಾನ್ಯದ ಬೆಲೆ ಏರಿ ಹೊಟ್ಟೆ ಬತ್ತಿರುವ ವರ್ಷದಲ್ಲಿ ಮಳೆ ಸುರಿದಾಗ ಮಲೇರಿಯಾ ಮಾರಿಯಾಗುತ್ತದೆ. ಈ ಅರಿವಿನ ಮೇಲೆ ಅದೇ ಪ್ರಾಂತದ ಆರೋಗ್ಯಾಧಿಕಾರಿ ಗಿಲ್ ಎಂಬವನು 1920ರ ದಶಕದ ಮೊದಲಿನಿಂದ ವರ್ಷವರ್ಷವೂ ಮುನ್ಸೂಚನೆ ಹೊರಡಿಸುವ ಏರ್ಪಾಡನ್ನು ಕಟ್ಟಿದನು. ಜುಲೈ ಆಗಸ್ಟಿನ ಮಳೆ, ಧಾನ್ಯದ ಧಾರಣೆ, ಗುಲ್ಮ ಊದಿಕೊಂಡ ಮಕ್ಕಳು ನೂರಕ್ಕೆ ಎಷ್ಟು, ಆ ಜಿಲ್ಲೆಯಲ್ಲಿ ಹಿಂದೆ ಜ್ವರ ಎಷ್ಟು ಏರಿಳಿದಿದೆ, ಇವನ್ನೆಲ್ಲ ಕೂಡಿಸಿ, ಶರತ್ಕಾಲದ ಜ್ವರ ಏಳುವ ಮೊದಲೇ ಇಂಥಿಂಥ ಕಡೆ ಅಪಾಯವೆಂದು ಹೇಳುವುದು. ಅಲ್ಲಿಗೆ ಕ್ವಿನೈನ್ ಮುಂಚಿತವಾಗಿ ಕಳಿಸುವುದು. ವಾಚಕರು ಗಮನಿಸಬೇಕು: ಗುಲ್ಮ ಊದಿದ ಮಕ್ಕಳು ಕಡಿಮೆಯಿದ್ದರೆ ಅದು ಶುಭವಲ್ಲ! ಈಚೆಗೆ ಮಲೇರಿಯಾ ಬಂದಿಲ್ಲ, ಮೈಯಲ್ಲಿ ತಡೆಯುವ ಶಕ್ತಿ ಉಳಿದಿಲ್ಲ, ಬಂದರೆ ಜೋರಾಗಿ ಬಡಿಯುವುದೆಂದು ಅದರ ಅರ್ಥ.

ಇದಕ್ಕಿಂತ ಮುಖ್ಯವಾದುದು ಇಪ್ಪತ್ತು ವರ್ಷಗಳ ನಂತರ ನಡೆದುದು. ಸತ್ಯ ಸ್ವರೂಪ್ ಎಂಬ ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞರು ಆ ಹಳೆಯ ಮುನ್ಸೂಚನೆಗಳನ್ನೆಲ್ಲ ಹೊರತೆಗೆದು, ನಡೆದ ಸಂಗತಿಯೊಡನೆ ತಾಳೆ ನೋಡಿ 1949ರಲ್ಲಿ ಪ್ರಕಟಿಸಿದರು. ಪಂಚಾಂಗಕ್ಕೆ ಯಾರೂ ಮಾಡದ ಉಪಚಾರವದು. ತಪ್ಪಿದುವು ಇದ್ದುವು, ಆದರೂ ಕುರುಡು ಊಹೆಗಿಂತ ಆ ಮುನ್ಸೂಚನೆಗಳು ಮೇಲೆಂದು ಕಂಡುಬಂದಿತು. ‘ಕುರುಡು ಊಹೆಗಿಂತ ಮೇಲು’ ಎಂಬುದು ಸಣ್ಣ ಹೊಗಳಿಕೆಯೆಂದು ತೋರಬಹುದು, ಹಾಗಲ್ಲ. ಹತ್ತು ವರ್ಷದಲ್ಲಿ ಎರಡು ವರ್ಷ ಮಾತ್ರ ಮಾರಿ ಏಳುವ ಜಿಲ್ಲೆಯಲ್ಲಿ, ಪ್ರತಿವರ್ಷವೂ ‘ಏನೂ ಆಗದು’ ಎಂದು ಕಣ್ಣುಮುಚ್ಚಿ ಹೇಳುವವನು ಹತ್ತಕ್ಕೆ ಎಂಟು ಸಲ ಗೆಲ್ಲುತ್ತಾನೆ. ಆದರೆ ಆತನಿಂದ ಒಂದು ಜೀವವೂ ಉಳಿಯುವುದಿಲ್ಲ. ನೂರಕ್ಕೆ ಎಂಬತ್ತು ನಿಜವಾಯಿತೆಂದು ಯಾರಾದರೂ ಹೇಳಿಕೊಂಡರೆ, ಸೋಮಾರಿಯ ಲೆಕ್ಕಕ್ಕೆ ಎಷ್ಟು ಸಿಕ್ಕುತ್ತಿತ್ತು ಎಂದು ಮೊದಲು ಕೇಳಬೇಕು.

ಇಷ್ಟು ಹಿನ್ನೆಲೆಯೊಡನೆ 2020ಕ್ಕೆ ಬರೋಣ. ಆ ದಿನಗಳನ್ನು ನಾವೆಲ್ಲ ಕಂಡವರೇ. ಮೊದಲು ಗಮನಿಸತಕ್ಕದ್ದು, ನಾಳೆಯ ಮಾತಿರಲಿ, ಇಂದು ಎಷ್ಟು ಮಂದಿಗೆ ರೋಗವಿದೆಯೆಂಬುದೇ ತಿಳಿದಿರಲಿಲ್ಲ. 2020ರ ಆಗಸ್ಟಿನಲ್ಲಿ ಈ ನಗರದ ಸಿಸಿಎಂಬಿ ಮತ್ತು ಐಐಸಿಟಿ ಸಂಸ್ಥೆಗಳ ಶಾಸ್ತ್ರಜ್ಞರು ಚರಂಡಿನೀರಿನಲ್ಲಿ ವೈರಸ್ಸಿನ ಕುರುಹನ್ನು ಅಳೆದು, ಸುಮಾರು 6.6 ಲಕ್ಷ ಜನರಿಗೆ ಸೋಂಕು ತಗುಲಿರಬೇಕೆಂದು ಅಂದಾಜು ಮಾಡಿದರು. ಪರೀಕ್ಷೆಯಲ್ಲಿ ಸಿಕ್ಕಿದವರ ಸಂಖ್ಯೆ ಅದರ ಹತ್ತಿರವೂ ಇರಲಿಲ್ಲ. ತೆರೆವ ಶಿಲ್ಕೇ ಗೊತ್ತಿಲ್ಲದ ಪುಸ್ತಕದಲ್ಲಿ ಮುಗಿವ ಶಿಲ್ಕನ್ನು ಹೇಗೆ ಹೇಳುವುದು?

ಆದರೂ ಹೇಳಬೇಕಾಗಿತ್ತು, ಸರಕಾರಗಳು ಹಾಸಿಗೆ, ಆಮ್ಲಜನಕಗಳನ್ನು ಅಣಿಮಾಡಬೇಕಾಗಿತ್ತು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2020ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅಧ್ಯಕ್ಷರು ಹೈದರಾಬಾದಿನ ಐಐಟಿಯ ಪ್ರೊಫೆಸರ್ ಎಂ. ವಿದ್ಯಾಸಾಗರ್ ಅವರು, ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲರೂ, ಸೈನ್ಯದ ವೈದ್ಯಾಧಿಕಾರಿ ಮಾಧುರಿ ಕಾನಿಟ್ಕರರೂ ಈ ಕೆಲಸದಲ್ಲಿ ಜೊತೆಗಿದ್ದರು. ಇವರ ಲೆಕ್ಕವೇ ಮುಂದೆ ‘ಸೂತ್ರ’ ಎಂದು ಹೆಸರಾದುದು. ಮೆಕೆಂಡ್ರಿಕ್ಕನ ಮೂರು ಖಾತೆಗಳಿಗೆ, ಲಕ್ಷಣ ತೋರದೆ ರೋಗ ಹೊತ್ತು ತಿರುಗುವವರ ಖಾತೆಯನ್ನು ಸೇರಿಸಿದ್ದು ಅದರ ವಿಶೇಷ. 2020ರ ಅಕ್ಟೋಬರಿನಲ್ಲಿ ಸಮಿತಿಯು, ದೇಶದಲ್ಲಿ ರೋಗದ ಶಿಖರ ಸೆಪ್ಟೆಂಬರಿನಲ್ಲಿಯೇ ದಾಟಿತು, ಎಚ್ಚರಿಕೆಗಳನ್ನು ಬಿಡದೆ ಪಾಲಿಸಿದರೆ ಫೆಬ್ರವರಿ ಕೊನೆಗೆ ರೋಗ ತೀರ ಕಡಿಮೆಯಾಗುವುದು, ಅಷ್ಟರಲ್ಲಿ ಒಟ್ಟು ಸಂಖ್ಯೆ 1 ಕೋಟಿ 6 ಲಕ್ಷದಷ್ಟಾಗುವುದು ಎಂದು ಹೇಳಿತು. ಫೆಬ್ರವರಿ ಕೊನೆಯಲ್ಲಿ ದಾಖಲೆಯಾಗಿದ್ದುದು ಸುಮಾರು 1 ಕೋಟಿ 11 ಲಕ್ಷ. ನಾಲ್ಕು ತಿಂಗಳ ಹಿಂದಿನ ಮಾತಿಗೆ ಇದು ಸಾಮಾನ್ಯ ತಾಳೆಯಲ್ಲ.

ಅದೇ ಲೆಕ್ಕ ಮುಂದಿನ ತಿಂಗಳಲ್ಲಿ ಎಡವಿತು. ಮಾರ್ಚಿನಲ್ಲಿ ರೋಗ ಮತ್ತೆ ಏರತೊಡಗಿತು. 2021ರ ಏಪ್ರಿಲ್ 2ರಂದು ಈ ತಂಡದವರು, ಏಪ್ರಿಲ್ ನಡುಭಾಗ ಕಳೆಯುವಷ್ಟರಲ್ಲಿ ದಿನಕ್ಕೆ ಸುಮಾರು 1 ಲಕ್ಷಕ್ಕೆ ಏರಿ ಅಲ್ಲಿಂದ ಇಳಿಯುವುದೆಂದು ಅಂದಾಜಿಸಿದರು. ಮೂರೇ ದಿನಗಳಲ್ಲಿ, ಏಪ್ರಿಲ್ 5ರ ಪಟ್ಟಿಯಲ್ಲಿ, ಸಂಖ್ಯೆ 1 ಲಕ್ಷವನ್ನು ದಾಟಿತು. 15ಕ್ಕೆ 2 ಲಕ್ಷ, 22ಕ್ಕೆ 3 ಲಕ್ಷ, ಮೇ 1ಕ್ಕೆ 4 ಲಕ್ಷ. ಮೇ ಮೊದಲ ವಾರ ಕಳೆಯುವಾಗ ಸುಮಾರು 4 ಲಕ್ಷ 14 ಸಾವಿರಕ್ಕೆ ಮುಟ್ಟಿ ಅಲ್ಲಿಂದ ಇಳಿಯಿತು. ವೈರಸ್ಸು ರೂಪ ಬದಲಿಸಿತ್ತು. ಬಡ್ಡಿಯ ದರವೇ ಬೇರೆಯಾಗಿತ್ತು. ಹಿಂದಿನ ತಿಂಗಳ ದರದಲ್ಲಿ ಮುಂದಿನ ತಿಂಗಳನ್ನು ಎಣಿಸಿದರೆ ಇನ್ನೇನಾದೀತು? ಆ ತಂಡದವರು ಮೇ ತಿಂಗಳಲ್ಲಿಯೇ, ಏಪ್ರಿಲ್ 2ರ ನಮ್ಮ ಅಂದಾಜು ತಪ್ಪಾಗಿತ್ತೆಂದು ಬಹಿರಂಗವಾಗಿ ಒಪ್ಪಿ ಕಾರಣಗಳನ್ನು ಹೇಳಿದರು. ಅಂಕಿಯಿಟ್ಟು, ತಾರೀಖಿಟ್ಟು ಹೇಳಿದ್ದರಿಂದಲೇ ಅದು ತಪ್ಪೆಂದು ತೋರಿಸುವುದು ಸಾಧ್ಯವಾಯಿತೆಂಬುದನ್ನು ಅವರ ಪಾಲಿಗೆ ಜಮೆ ಹಾಕಲೇಬೇಕು. ತಪ್ಪಲು ಸಾಧ್ಯವೇ ಇಲ್ಲದಂತೆ ಮಾತಾಡಿದವರು ಆ ದಿನಗಳಲ್ಲಿ ಬಹಳ ಮಂದಿಯಿದ್ದರು. ಅವರಾರೂ ಇಂದು ಉತ್ತರ ಹೇಳಬೇಕಾಗಿಲ್ಲ.

ನಮ್ಮ ಮನೆಯ ಒಂದು ಸಂಗತಿಯನ್ನೂ ಹೇಳಿಬಿಡುತ್ತೇವೆ. ಆ ಏಪ್ರಿಲಿನಲ್ಲಿ, ಯುಗಾದಿ ಕಳೆದ ಮೂರನೆಯ ದಿನ, ತಂಗಿಯ ನಿಶ್ಚಿತಾರ್ಥ ಇಟ್ಟುಕೊಂಡಿದ್ದೆವು. ಮುಂದೂಡೋಣವೆಂದು ಒಬ್ಬಿಬ್ಬರು ಅಂದರು. ‘ಇನ್ನು ಇಳೀತದ ಬಿಡ್ರಿ, ಎಲ್ಲಾರೂ ಹಂಗಽ ಅಂತಾರ’ ಎಂಬ ಮಾತು ಗೆದ್ದಿತು. ಆ ‘ಎಲ್ಲಾರೂ’ ಯಾರು, ಯಾವಾಗ ಹೇಳಿದರು, ಯಾವ ಷರತ್ತಿನ ಮೇಲೆ ಹೇಳಿದರು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ದಿನವಿಡೀ ಅಂಕಿಗಳೊಡನೆ ಬಾಳುವ ನಾವೂ ಕೇಳಲಿಲ್ಲ. ಕೂಡಿದವರು ಹದಿನೆಂಟು ಮಂದಿ. ದೊಡ್ಡಪ್ಪನವರು ಉತ್ಸಾಹದಿಂದ ಬಂದು, ಮುಂಚೂಣಿಯಲ್ಲಿ ಕುಳಿತು ತಾಂಬೂಲ ಬದಲಾಯಿಸಿಕೊಟ್ಟರು. ಮೇ ತಿಂಗಳ ಮೊದಲ ವಾರದಲ್ಲಿ ತೀರಿಕೊಂಡರು. ಇದಕ್ಕೆ ನಾವು ಯಾವ ಪಂಡಿತರನ್ನೂ ದೂರುವುದಿಲ್ಲ. ಮಾತು ನಮ್ಮ ಮನೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಅದರ ‘ಆದರೆ’ಗಳೆಲ್ಲ ದಾರಿಯಲ್ಲಿ ಉದುರಿಹೋಗಿದ್ದುವು, ಉಳಿದುದು ನಮಗೆ ಬೇಕಾದ ಭಾಗ ಮಾತ್ರ.

ಅಂದಿನಿಂದ ಇಂಥ ಸುದ್ದಿ ಓದುವಾಗ ನಾವು ಕೆಲವು ವಿಷಯಗಳನ್ನು ಹುಡುಕುತ್ತೇವೆ. ಒಂದೇ ಅಂಕಿಯನ್ನು ಹೇಳಿದ್ದಾರೋ, ಇಷ್ಟರಿಂದ ಇಷ್ಟರೊಳಗೆ ಎಂದಿದ್ದಾರೋ ಎಂಬುದು ಮೊದಲನೆಯದು. ಒಂದೇ ಅಂಕಿ ಕೇಳಲು ಚೆಂದ. ಆದರೆ ಪ್ರಾಮಾಣಿಕನಾದ ಲೆಕ್ಕಿಗನು ಅಂತರವನ್ನು ಹೇಳುತ್ತಾನೆ, ಮತ್ತು ಹತ್ತಕ್ಕೆ ಒಂಬತ್ತು ಸಲ ಈ ಅಂತರದೊಳಗೆ ಎಂದು ಆತ ಹೇಳಿದ್ದರೆ, ಹತ್ತು ಮುನ್ಸೂಚನೆಗಳನ್ನು ಕೂಡಿಸಿ ನೋಡಿದಾಗ ಸುಮಾರು ಒಂಬತ್ತು ಒಳಗೇ ಬಿದ್ದಿರಬೇಕು. ಹತ್ತಕ್ಕೆ ಹತ್ತೂ ಬಿದ್ದಿದ್ದರೆ ಅಂತರವನ್ನು ಅನಾವಶ್ಯಕವಾಗಿ ಹಿಗ್ಗಿಸಿದ್ದಾನೆಂದು ಗುಮಾನಿಪಡಬೇಕು. ಎಷ್ಟು ದೂರದ ಮಾತೆಂಬುದು ಇನ್ನೊಂದು: ಬರುವ ವಾರದ್ದಾದರೆ ನಂಬಬಹುದು, ಒಂದು ತಿಂಗಳಾಚೆಯದು ಸಡಿಲ, ಆರು ತಿಂಗಳಾಚೆಯದು ಮುನ್ಸೂಚನೆಯೇ ಅಲ್ಲ, ‘ಹೀಗಾದರೆ ಹಾಗೆ’ ಎಂಬ ಕಥನ. ಎರಡಕ್ಕೂ ವ್ಯತ್ಯಾಸವರಿಯದೆ ಅಚ್ಚುಹಾಕುವುದು ಪತ್ರಿಕೆಗಳ ಹಳೆಯ ಚಾಳಿ.

ಅಮೆರಿಕದಲ್ಲಿ 2013ರಿಂದ ಇನ್‌ಫ್ಲುಯೆಂಜಾ ಜ್ವರಕ್ಕೆ ಒಂದು ಒಳ್ಳೆಯ ಪದ್ಧತಿ ನಡೆದುಬಂದಿದೆ. ಹಲವು ವಿಶ್ವವಿದ್ಯಾನಿಲಯದವರು ತಂತಮ್ಮ ಅಂದಾಜನ್ನು ವಾರವಾರವೂ ಮೊದಲೇ ಒಂದೆಡೆ ಬರೆದಿಡಬೇಕು, ಆಮೇಲೆ ತಿದ್ದುವಂತಿಲ್ಲ. ಋತು ಮುಗಿದ ಮೇಲೆ ಎಲ್ಲರಿಗೂ ಗುಣಾಂಕ. 2020ರಲ್ಲಿ ಕೋವಿಡ್ಡಿಗೂ ಇದನ್ನೇ ಮಾಡಿದರು. ಅಲ್ಲಿ ಕಂಡುಬಂದ ಸಂಗತಿ ಸ್ವಾರಸ್ಯವಾದುದು: ಎಲ್ಲರ ಅಂದಾಜುಗಳನ್ನು ಕೂಡಿಸಿ ತೆಗೆದ ನಡುಗೆರೆಯು, ಯಾವನೊಬ್ಬ ಪಂಡಿತನ ಗೆರೆಗಿಂತಲೂ ನೆಚ್ಚಬಹುದಾದುದಾಗಿತ್ತು. ಒಬ್ಬೊಬ್ಬರೂ ಬೇರೆ ಬೇರೆ ಕಡೆ ಎಡವುವುದರಿಂದ ತಪ್ಪುಗಳು ಒಂದನ್ನೊಂದು ತಿಂದುಹಾಕುತ್ತವೆ. ನಮ್ಮ ಪಂಚಾಯಿತಿಯ ಹಿರಿಯರಿಗೆ ಈ ಗುಟ್ಟು ಗೊತ್ತಿದ್ದಿರಬಹುದು. ಆದರೆ ವೈರಸ್ಸು ಹಠಾತ್ತಾಗಿ ತಿರುವು ಪಡೆದಾಗ ಆ ನಡುಗೆರೆಯೂ ತಪ್ಪಿತೆಂಬುದನ್ನು ಮುಚ್ಚಿಡಲಾಗದು.

ಇನ್ನು ಅಜ್ಜಿಯ ಪ್ರಶ್ನೆ ಉಳಿಯಿತು. ಮಳೆಯ ಮುನ್ಸೂಚನೆ ಕೇಳಿ ನಾವು ಕೊಡೆ ಹಿಡಿದರೆ ಮಳೆ ನಿಲ್ಲುವುದಿಲ್ಲ. ರೋಗದ ಮುನ್ಸೂಚನೆ ಕೇಳಿ ನಾವು ಮನೆಯಲ್ಲಿ ನಿಂತರೆ ರೋಗ ನಿಜವಾಗಿ ನಿಲ್ಲುತ್ತದೆ; ಆಗ ಮುನ್ಸೂಚನೆ ಸುಳ್ಳಾಗುತ್ತದೆ, ಹೇಳಿದವನು ನಗೆಪಾಟಲಾಗುತ್ತಾನೆ. ‘ಇಳಿಯುತ್ತದೆ’ ಎಂಬ ಮಾತನ್ನು ಕೇಳಿ ಜನರು ಮನೆಬಿಟ್ಟು ಹೊರಟರೆ ಆ ಮಾತೂ ಸುಳ್ಳಾಗಬಹುದು, ಆದರೆ ಈ ಸಲ ನಗುವವರಿರುವುದಿಲ್ಲ. ಎರಡು ಸುಳ್ಳುಗಳನ್ನೂ ಒಂದೇ ಪುಟದಲ್ಲಿ ಬರೆದು ಒಂದೇ ಗೀಟು ಹಾಕುವುದು ನ್ಯಾಯವಲ್ಲ. ಗುಣಾಂಕ ಹಾಕುವ ಶಾಸ್ತ್ರಜ್ಞರು ಈ ತೊಡಕನ್ನು ಇನ್ನೂ ಪೂರ್ತಿ ಬಿಡಿಸಿಲ್ಲವೆಂದೇ ನಮ್ಮ ತಿಳಿವಳಿಕೆ.

ಆ ಪ್ಲವ ಸಂವತ್ಸರದ ಪಂಚಾಂಗವನ್ನು ನಾವು ರದ್ದಿಗೆ ಹಾಕಲಿಲ್ಲ. ಅದರೊಡನೆ ಒಂದು ಹಳೆಯ ಲೆಡ್ಜರ್ ಪುಸ್ತಕವನ್ನೂ ಇಟ್ಟುಕೊಂಡಿದ್ದೇವೆ. ಡೆಂಗಿ ಜ್ವರ ಹೆಚ್ಚಲಿದೆ, ಹೊಸ ವೈರಸ್ಸು ಬರಲಿದೆ, ಎಂಬ ಸುದ್ದಿ ಬಂದಾಗ ಎಡಗಡೆ ಬರೆಯುತ್ತೇವೆ: ಯಾರು ಹೇಳಿದರು, ಎಂದು ಹೇಳಿದರು, ಎಷ್ಟೆಂದರು, ಯಾವ ಷರತ್ತು. ಬಲಗಡೆ ಖಾಲಿ ಬಿಡುತ್ತೇವೆ. ಯುಗಾದಿಯ ಸಂಜೆ ಪಂಚಾಂಗ ಓದುವ ಮೊದಲು ಹಿಂದಿನ ವರ್ಷದ ಪುಟಗಳನ್ನು ತೆಗೆದು ಬಲಗಡೆ ತುಂಬುವುದು ಈಗ ನಮ್ಮ ಐದಾರು ಮನೆಗಳ ಮಕ್ಕಳ ಕೆಲಸ. ಮೊದಲ ವರ್ಷ ಬೇಸರಪಟ್ಟರು. ಈಗ ಬೇವುಬೆಲ್ಲಕ್ಕೆ ಮೊದಲೇ ಪುಸ್ತಕ ಕೇಳುತ್ತಾರೆ.